ಹಂಪಮ್ಮನ ಪರೀಕ್ಷೆಗೆ ಊರು ಕೊಟ್ಟ ಮುಯ್ಯಿ

ಹೋದ ತಿಂಗಳು ಆದೋನಿಯಲ್ಲಿ ನೆಂಟರ ಮದುವೆಯೊಂದಕ್ಕೆ ಹೋಗಿದ್ದೆ. ಈಗಿನ ಮದುವೆಗಳ ಮೇಲೆ ನನ್ನ ದೂರುಗಳು ಬೇಕಾದಷ್ಟಿವೆ, ಅವನ್ನೆಲ್ಲ ಕೇಳುವ ತಾಳ್ಮೆ ನನ್ನ ಸೊಸೆಗೂ ಉಳಿದಿಲ್ಲ. ಆದರೆ ಒಂದನ್ನು ಹೇಳದೆ ಬಿಡಲಾರೆ. ಮುಯ್ಯಿಯನ್ನು ಈಗ ಯಾರೂ ಕೂಗಿ ಹೇಳುವುದಿಲ್ಲ. ಬಣ್ಣದ ಕವರೊಂದು ಡಬ್ಬಿಯೊಳಗೆ ಬೀಳುತ್ತದೆ, ಕೊಟ್ಟವರು ಊಟದ ಕಡೆ ನಡೆಯುತ್ತಾರೆ. ನಮ್ಮ ಕಾಲದಲ್ಲಿ ಚಪ್ಪರದ ಕೆಳಗೆ ಗಟ್ಟಿ ಗಂಟಲಿನ ಒಬ್ಬರು ನಿಂತು, ಇಂಥವರ ಮನೆಯಿಂದ ಇಂಥದ್ದು ಬಂತು ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಒಂದು ಬಟ್ಟಲು ಕೊಬ್ಬರಿ ಕೊಟ್ಟರೂ ಅದಕ್ಕೊಂದು ಮರ್ಯಾದೆ ಇರುತ್ತಿತ್ತು.

ಹೊರಡುವಾಗ ಮದುಮಗಳ ತಾಯಿ ಕುಂಕುಮ ಹಚ್ಚಿ ಕೈಯಲ್ಲಿ ಒಂದು ಕುಬುಸದ ಬಟ್ಟೆ ಇಟ್ಟಳು. ಹಸಿರು ಬಣ್ಣದ್ದು, ಮಡಿಕೆ ಬಿಚ್ಚದ್ದು. ಕೌತಾಳಂ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅದನ್ನು ಮೂಗಿಗೆ ಹಿಡಿದೆ. ಹೊಸ ಬಟ್ಟೆಯ ಗಂಜಿಯ ವಾಸನೆ. ಹೊರಗೆ ದಾರಿಯ ಬದಿಯ ಜಾಲಿಮುಳ್ಳಿಗೆ, ಹೋದ ಬಂಡಿಗಳಿಂದ ಉದುರಿದ ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು. ಇವೆರಡೂ ಒಟ್ಟಿಗೆ ಬಂದರೆ ನನಗೆ ನೆನಪಾಗುವುದು ಒಂದೇ ವರ್ಷ. ಅದು ನಮ್ಮೂರ ಹೈಸ್ಕೂಲಿನಿಂದ ಮಕ್ಕಳು ಮೊಟ್ಟಮೊದಲ ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋದ ವರ್ಷ.

ಐವತ್ತರ ದಶಕದ ಮಾತು. ನಮ್ಮ ತಾಲೂಕನ್ನು ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ಆಂಧ್ರಕ್ಕೆ ಸೇರಿಸಿ ಹೆಚ್ಚು ಕಾಲವಾಗಿರಲಿಲ್ಲ. ಊರಿನ ಜನ ಅದಕ್ಕೆ ಅಷ್ಟೇನೂ ತಲೆ ಕೆಡಿಸಿಕೊಂಡಿರಲಿಲ್ಲ. ಎತ್ತನ್ನು ಕನ್ನಡದಲ್ಲಿ ಬೈದು, ಅದನ್ನೇ ಸಂತೆಗೆ ಹೊಡೆದುಕೊಂಡು ಹೋಗಿ ತೆಲುಗಿನಲ್ಲಿ ಹೊಗಳಿ ಮಾರುವುದು ಅವರಿಗೆ ತಾತ ಮುತ್ತಾತಂದಿರ ಕಾಲದಿಂದ ರೂಢಿಯಾಗಿತ್ತು. ಊರು ಕೋಸಗಿ ಸ್ಟೇಷನ್ನಿನಿಂದ ಬಂಡಿಯ ದಾರಿ. ಸುತ್ತ ಎರೆ ಹೊಲ, ಮಳೆ ಬಂದರೆ ಕಾಲು ಕಚ್ಚಿ ಹಿಡಿಯುವ ಮಣ್ಣು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲದ ಬಿರುಕು. ಹೈಸ್ಕೂಲು ನಡೆಯುತ್ತಿದ್ದದ್ದು ಹಳೆಯ ಹತ್ತಿ ಗೋದಾಮಿನಲ್ಲಿ. ಗಾಳಿ ಬೀಸಿದ ದಿನ ತೊಲೆಗಳ ಸಂದಿಯಿಂದ ಹತ್ತಿಯ ನವಿರು ಇಳಿದು ಬಂದು ನಮ್ಮ ಲೆಕ್ಕದ ಮೇಲೆ ಕೂರುತ್ತಿತ್ತು, ಊದಿ ಊದಿ ಬರೆಯುತ್ತಿದ್ದೆವು.

ಹೆಡ್‌ಮಾಸ್ಟರ್ ಸೀತಾರಾಮಯ್ಯನವರು ಗುಂಟೂರಿನ ಕಡೆಯವರು. ಬಂದ ಹೊಸತರಲ್ಲಿ ಜೋಳದ ರೊಟ್ಟಿ ನೋಡಿ ಕೈಕಟ್ಟಿ ಕೂತವರು, ವರ್ಷ ತುಂಬುವುದರೊಳಗೆ ಎರಡು ರೊಟ್ಟಿ ಉಂಡು ಮೂರನೆಯದಕ್ಕೆ ಕೈ ಚಾಚುವಂತಾದರು. ಕನ್ನಡವನ್ನೂ ಹಾಗೇ ಕಲಿತರು. ಅವರ ಮಾತು ಕನ್ನಡದಲ್ಲಿ ಹೊರಟು, ಮುಗಿಯುವ ಹೊತ್ತಿಗೆ ತೆಲುಗಿನ ಮನೆ ಸೇರುತ್ತಿತ್ತು. ಅದುವರೆಗೆ ನಮ್ಮಲ್ಲಿ ಐದನೇ ಫಾರಂವರೆಗೆ ಮಾತ್ರ ಇತ್ತು, ಮುಂದೆ ಓದುವವರು ಆದೋನಿಗೆ ಹೋಗಬೇಕು, ಅಂದರೆ ಬಹುತೇಕ ಯಾರೂ ಓದುತ್ತಿರಲಿಲ್ಲ. ಇವರು ಕಚೇರಿಗಳಿಗೆ ಅಲೆದು ಎಸ್ಸೆಸ್ಸೆಲ್ಸಿಯ ಆರನೇ ಫಾರಂ ತಂದರು. ಅದರಲ್ಲಿದ್ದದ್ದು ಹತ್ತಿಪ್ಪತ್ತು ಹುಡುಗರು, ಒಬ್ಬಳೇ ಒಬ್ಬಳು ಹುಡುಗಿ. ಅವಳೇ ಹಂಪಮ್ಮ.

ನಾನು ಐದನೇ ಫಾರಂನಲ್ಲಿದ್ದೆ. ನಮ್ಮದು ಹತ್ತಿ ವ್ಯಾಪಾರದ ಮನೆ. ಹಂಪಮ್ಮನದು ಸ್ವಲ್ಪ ಮಳೆಹೊಲ, ಉಳಿದಂತೆ ಕಂಡವರ ಹೊಲದಲ್ಲಿ ದುಡಿಮೆ. ಹತ್ತಿ ಬಿಡಿಸುವ ಕಾಲದಲ್ಲಿ ಅವಳು ಬೆಳಗಿನ ಇಬ್ಬನಿಯಲ್ಲೇ ಅವ್ವನ ಜತೆ ಹೊಲಕ್ಕೆ ಹೋಗಿ, ಒಂದು ಒಡ್ಡಿನ ಹತ್ತಿ ಬಿಡಿಸಿ, ಅಲ್ಲಿಂದಲೇ ಸ್ಕೂಲಿಗೆ ಬರುತ್ತಿದ್ದಳು. ಕೂದಲಲ್ಲಿ ಹತ್ತಿ ಇರುತ್ತಿತ್ತು. ಹುಡುಗರು ಅಜ್ಜಿ ಬಂದಳು ಎಂದು ಕೀಟಲೆ ಮಾಡುವರು. ಜಾಮೆಟ್ರಿ ಪೀರಿಯಡ್ಡು ಬಂದಾಗ ಅದೇ ಹುಡುಗರು ಅವಳ ಬೆಂಚಿನ ಸುತ್ತ ಸುಳಿಯುವರು. ನನಗೆ ಬೀಜಗಣಿತ ಹೇಳಿಕೊಟ್ಟವಳು ಅವಳೇ, ಸ್ಕೂಲಿನ ಹಿಂದಿನ ಬೇವಿನ ಗಿಡದ ಬುಡದಲ್ಲಿ, ನೆಲದ ಮೇಲೆ ಕಡ್ಡಿಯಿಂದ ಗೀಚಿ. ತಿಳಿಯದಿದ್ದರೆ ಬೈಯುತ್ತಿರಲಿಲ್ಲ, ಅಳಿಸಿ ಮತ್ತೊಮ್ಮೆ ಗೀಚುತ್ತಿದ್ದಳು. ಅವಳಂಥ ಮೇಷ್ಟ್ರನ್ನು ನಾನು ಆಮೇಲೆ ಕಂಡದ್ದು ಕಡಿಮೆ.

ಅವಳ ಅಪ್ಪ ಈರಣ್ಣ. ಈ ಮನುಷ್ಯನ ಬಗ್ಗೆ ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಮುಯ್ಯಿಯ ವಿಷಯದಲ್ಲಿ ಅವನಷ್ಟು ಕಟ್ಟುನಿಟ್ಟಿನವನು ನಮ್ಮ ಸೀಮೆಯಲ್ಲೇ ಇರಲಿಲ್ಲ. ನಮ್ಮಲ್ಲಿ ಮುಯ್ಯಿಗೆ ಕಟ್ಟಳೆಗಳಿವೆ. ಯಾವ ಕಾರ್ಯಕ್ಕೆ ಬಂತೋ ಅಂಥದೇ ಕಾರ್ಯಕ್ಕೆ ತಿರುಗಿಸಬೇಕು, ತೊಟ್ಟಿಲಿಗೆ ಬಂದದ್ದು ತೊಟ್ಟಿಲಿಗೆ, ಮದುವೆಗೆ ಬಂದದ್ದು ಮದುವೆಗೆ, ಅದೂ ಬಂದದ್ದಕ್ಕಿಂತ ಒಂದು ಎಳೆ ಹೆಚ್ಚಾಗಿ. ಇನ್ನೊಂದು, ಮುಯ್ಯಿ ಒಪ್ಪಿಕೊಂಡ ಮೇಲೆ ಆ ಕಾರ್ಯ ನಡೆಯಲೇಬೇಕು. ನಿಲ್ಲಿಸಿದರೆ ಕೊಟ್ಟವರ ಒಂದೊಂದು ಬಾಗಿಲಿಗೂ ಹೋಗಿ ವಾಪಸು ಕೊಟ್ಟು ಬರಬೇಕು, ಅದಕ್ಕಿಂತ ಊರು ಬಿಡುವುದೇ ಮೇಲು ಎನ್ನುವರು. ಈರಣ್ಣ ಒಂದು ಮಳೆಗಾಲ ತುಂಬಿದ ಹೊಳೆಯನ್ನು ಹರಿಗೋಲಿನಲ್ಲಿ ದಾಟಿ ಆಚೆ ದಂಡೆಯ ಊರಿಗೆ ಮುಯ್ಯಿ ತಿರುಗಿಸಲು ಹೋಗಿದ್ದ. ಮುಟ್ಟುವಷ್ಟರಲ್ಲಿ ಮದುವೆ ಮುಗಿದು ದಿಬ್ಬಣ ಹೊರಟಿತ್ತು. ಬಂಡಿಯ ಹಿಂದೆ ಓಡಿ, ನಿಲ್ಲಿಸಿ, ಮದುಮಕ್ಕಳ ಉಡಿಗೆ ಹಾಕಿಯೇ ಬಂದ. ಊರಲ್ಲಿ ಇದನ್ನು ಹೇಳಿ ನಗುತ್ತಿದ್ದರು, ಆದರೆ ನಗುವಾಗಲೂ ಅವನಿಗೆ ಕುಳಿತುಕೊಳ್ಳಲು ಜಾಗ ಬಿಡುತ್ತಿದ್ದರು.

ಸಂಕ್ರಾಂತಿ ಕಳೆಯಿತು. ಪರೀಕ್ಷೆಯ ಕೇಂದ್ರ ಆದೋನಿ ಎಂದು ತಿಳಿಯಿತು, ಹತ್ತು ದಿನ ಅಲ್ಲೇ ಇರಬೇಕು. ಹುಡುಗರಿಗೆ ಯಾವುದೋ ಜಿನ್ನಿಂಗ್ ಫ್ಯಾಕ್ಟರಿಯ ಕೋಣೆ ಸಿಕ್ಕಿತು. ಹಂಪಮ್ಮನಿಗೆ ಆದೋನಿಯ ನಮ್ಮ ಸೋದರತ್ತೆಯ ಮನೆ ಇತ್ತು, ಅತ್ತೆ ಸಂತೋಷದಿಂದ ಒಪ್ಪಿದ್ದಳು. ಅಷ್ಟರಲ್ಲಿ ನಾಗಲದಿನ್ನೆಯಿಂದ ಮಾತು ಬಂತು. ಅಲ್ಲಿದ್ದವನು ಹಂಪಮ್ಮನ ಸೋದರಮಾವ ತಿಪ್ಪಣ್ಣ. ಹೊಳೆಯ ದಂಡೆಯ ನೀರಾವರಿ, ಅನುಕೂಲಸ್ಥ. ಅವನ ಮಗನಿಗೇ ಹಂಪಮ್ಮನನ್ನು ತರುವುದೆಂದು ಮೊದಲಿನಿಂದ ಇದ್ದ ಮಾತು. ಓದಿದ್ದು ಸಾಕು, ನಮ್ಮ ಮನೆಗೆ ಬರುವ ಹುಡುಗಿ ಪಟ್ಟಣದಲ್ಲಿ ಹತ್ತು ದಿನ ಇದ್ದು ಬಂದರೆ ಹೊಳೆಯ ದಂಡೆಯ ಜನ ಸುಮ್ಮನಿರುವುದಿಲ್ಲ, ಬೇಸಿಗೆಯಲ್ಲೇ ಅಕ್ಕಿಕಾಳು ಹಾಕಿ ಮದುವೆ ಮುಗಿಸಿಬಿಡೋಣ ಎಂದು ಅವನು ಹೇಳಿ ಕಳಿಸಿದ್ದ.

ಹೆಡ್‌ಮಾಸ್ಟರು ಈರಣ್ಣನ ಮನೆಗೆ ಮೇಲಿಂದ ಮೇಲೆ ಹೋದರು. ಒಮ್ಮೆ ನಾನೂ ಹಂಪಮ್ಮನ ಜತೆ ಅಲ್ಲೇ ಒಲೆಯ ಹತ್ತಿರ ಕೂತಿದ್ದೆ. ಈರಣ್ಣ ಕಂಬಳಿ ಹಾಸಿ ಕೂರಿಸಿದ, ಮಜ್ಜಿಗೆ ಕೊಟ್ಟ, ಅವರು ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದ.

“ನೀವು ಹೇಳೋದು ಖರೇನ ಐತಿ ಸಾರ್,” ಎಂದ. “ಆಕಿ ಪಾಸಾಗ್ತಾಳ, ಅದೂ ನನಗ ಗೊತ್ತೈತಿ. ಆದ್ರ ನಾಳೆ ನಾಗಲದಿನ್ನಿಯವರು ಒಂದು ಮಾತಂದ್ರ ನಾನು ಮುಖ ಎಲ್ಲಿ ಇಡ್ಲಿ? ನಾ ಮಾತಿಗೆ ಬದುಕಿದಾಂವ.”

ಹಂಪಮ್ಮ ಒಲೆಗೆ ಕಟ್ಟಿಗೆ ತಳ್ಳುತ್ತಾ ಇದ್ದಳು. ಹೆಡ್‌ಮಾಸ್ಟರು ಮಜ್ಜಿಗೆಯ ಲೋಟವನ್ನು ಪೂರ್ತಿ ಕುಡಿದು ಕೆಳಗಿಟ್ಟು ಎದ್ದರು. ನಾನು ಮನೆಗೆ ಬಂದು ನಮ್ಮಜ್ಜಿಯ ಮುಂದೆ ಅತ್ತುಬಿಟ್ಟೆ. ಹಂಪಮ್ಮನಿಗಾಗಿ ಅಷ್ಟೇ ಅಲ್ಲ, ನನಗಾಗಿಯೂ ಅತ್ತೆ. ಈರಣ್ಣನ ಮಗಳೇ ಓದುತ್ತಾಳಂತೆ ಎಂಬ ಮಾತಿನ ಆಸರೆಯಲ್ಲಿ ನಮ್ಮಪ್ಪ ನನ್ನನ್ನು ಸ್ಕೂಲಿನಲ್ಲಿ ಬಿಟ್ಟಿದ್ದರು. ಅವಳ ಓದು ನಿಂತರೆ ಮರುವರ್ಷ ನನ್ನದೂ ಅಷ್ಟೇ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಅಜ್ಜಿ ಅಡಿಕೆ ಕತ್ತರಿಸುತ್ತಾ ಎಲ್ಲ ಕೇಳಿದಳು. ಸಮಾಧಾನದ ಮಾತು ಹೇಳುವುದು ಅವಳ ಸ್ವಭಾವವಾಗಿರಲಿಲ್ಲ. ನಮ್ಮಜ್ಜಿ ಬಸಮ್ಮ ಎಂದರೆ ಊರಿನ ಗಂಡಸರು ಕಟ್ಟೆಯಿಂದ ಎದ್ದು ನಿಲ್ಲುವಂಥ ಹೆಂಗಸು. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ಹತ್ತಿಯ ವ್ಯಾಪಾರವನ್ನು ತಾನೇ ನಡೆಸಿದವಳು. ಯೋಚನೆ ಹತ್ತಿದಾಗ ಅವಳ ಅಡಕತ್ತರಿಯ ಸದ್ದು ನಿಲ್ಲುತ್ತಿತ್ತು. ಅಂದು ಬಹಳ ಹೊತ್ತು ನಿಂತಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತು. ವರ್ಷದ ಕೊನೆಗೆ ಸ್ಕೂಲ್ ಡೇ ಮಾಡಿ, ಆರನೇ ಫಾರಂನವರಿಗೆ ಬೀಳ್ಕೊಡುಗೆ ಕೊಟ್ಟು, ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟರ್ ಕೈಯಿಂದ ಬಹುಮಾನ ಹಂಚಿಸುವುದೆಂದು ಗೊತ್ತಾಯಿತು. ಹಿಂದಿನ ವರ್ಷಗಳಲ್ಲಿ ಈ ಸಮಾರಂಭಕ್ಕೆ ಗಂಡಸರಷ್ಟೇ ಬರುತ್ತಿದ್ದರು, ಅವರೂ ಬೀಡಿ ಸೇದಿ ಅರ್ಧಕ್ಕೆ ಎದ್ದು ಹೋಗುತ್ತಿದ್ದರು. ಈ ಸಲ ತಾಯಂದಿರು ಬರಬೇಕೆಂದು ಹೆಡ್‌ಮಾಸ್ಟರಿಗೆ ಹಟ. ನಮ್ಮ ಪಡಸಾಲೆಗೆ ಬಂದು ಕೂತು, “ಆಡವಾಳ್ಳು ಬರಬೇಕಮ್ಮಾ, ಹೆಂಗಸರು ಬರಬೇಕು, ಏನು ಮಾಡಾಲಿ?” ಎಂದು ಅಜ್ಜಿಯನ್ನು ಕೇಳಿದರು.

“ಡಂಗುರ ಹೊಡಿಸಿದ್ರ ಗಂಡಸ್ರು ಬರ್ತಾರ,” ಅಂದಳು ಅಜ್ಜಿ. “ಹೆಣ್ಮಕ್ಕಳು ಬರ್ಬೇಕಂದ್ರ ಮನಿಮನಿಗೆ ಹೋಗಿ ಕುಂಕುಮ ಹಚ್ಚಿ ಕರೀಬೇಕ್ರಿ.”

ಹೆಡ್‌ಮಾಸ್ಟರಿಗೆ ಇದು ಬಹಳ ಹಿಡಿಸಿತು. ಇಷ್ಟು ಸುಲಭವೇ ಎಂದು ಆಶ್ಚರ್ಯಪಟ್ಟರು. ನಮ್ಮ ಸೀಮೆಯಲ್ಲಿ ಕುಂಕುಮ ಹಚ್ಚಿ ಕರೆದ ಕಡೆಗೆ ಬರಿಗೈಯಲ್ಲಿ ಹೋಗಬಾರದು ಎಂಬುದು ಅವರಿಗೆ ತಿಳಿದಿರಲಿಲ್ಲ. ಅಜ್ಜಿಗೆ ತಿಳಿದಿತ್ತು, ಹೇಳಲಿಲ್ಲ. ಮರುದಿನದಿಂದ ನಾನೂ ಕೆಳಗಿನ ಕ್ಲಾಸಿನ ಹುಡುಗಿಯರೂ ಹಿತ್ತಾಳೆಯ ಕುಂಕುಮದ ಬಟ್ಟಲು ಹಿಡಿದು ಓಣಿಓಣಿ ತಿರುಗಿದೆವು. ಬಾಗಿಲು ಬಾಗಿಲಿಗೂ ಅದೇ ಪ್ರಶ್ನೆ, ಯಾರ ಮನೆಯ ಕಾರ್ಯ, ಮದುಮಗಳು ಯಾರು ಎಂದು. ಸ್ಕೂಲಿನದು ಎಂದರೆ ಬೆರಗಾಗಿ ನೋಡುವರು. ಆದರೆ ಹಣೆಗೆ ಬಂದ ಕುಂಕುಮವನ್ನು ಬೇಡ ಎಂದವರು ಒಬ್ಬರೂ ಇಲ್ಲ. ಕೊನೆಗೆ ಈರಣ್ಣನ ಮನೆಗೂ ಹೋದೆ. ಹಂಪಮ್ಮನ ಅವ್ವ ಹಚ್ಚಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಆ ದಿನ ಬಂತು. ಹತ್ತಿಯ ಮೂಟೆಗಳನ್ನು ಒತ್ತಾಗಿ ಜೋಡಿಸಿ ಮೇಲೆ ಹಲಗೆ ಹಾಕಿ ವೇದಿಕೆ ಮಾಡಿದ್ದರು. ಕಾಲಿಟ್ಟರೆ ಮೆತ್ತಗೆ ಕುಸಿದು ಮೇಲೇಳುತ್ತಿತ್ತು, ಭಾಷಣ ಮಾಡುವವರು ದೋಣಿಯಲ್ಲಿ ನಿಂತಂತೆ ಕಾಣುತ್ತಿದ್ದರು. ನಮ್ಮ ಮನೆಯ ಜಮಖಾನೆಗಳೇ ಪರದೆ. ಇನ್ಸ್‌ಪೆಕ್ಟರು ಕೋಸಗಿಗೆ ರೈಲಿನಲ್ಲಿ ಬಂದು, ನಮ್ಮ ಸವಾರಿ ಬಂಡಿಯಲ್ಲಿ ಧೂಳು ಕುಡಿದು ಇಳಿದರು. ಅದಕ್ಕೂ ಮೊದಲು, ಮಧ್ಯಾಹ್ನ, ಇನ್ನೊಂದು ಬಂಡಿ ಊರು ಹೊಕ್ಕಿತ್ತು. ಕೊಂಬಿಗೆ ಬಣ್ಣ ಹಚ್ಚಿದ ಎತ್ತು, ಹೊಸ ರುಮಾಲಿನ ತಿಪ್ಪಣ್ಣ, ಅವನ ತೊಡೆಯ ಮೇಲೆ ಒಂದು ಗಂಟು. ಎತ್ತುಗಳ ಕೊರಳು ಬಿಚ್ಚುವ ಮೊದಲೇ ಊರಿಗೆಲ್ಲ ಗೊತ್ತಾಯಿತು. ಸಂಜೆ ಸ್ಕೂಲಿನದು ಮುಗಿದ ಮೇಲೆ ಈರಣ್ಣನ ಮನೆಯಲ್ಲಿ ನಿಶ್ಚಯ, ಗಂಟಿನಲ್ಲಿರುವುದು ಅದರ ಸೀರೆ.

ಹೊತ್ತು ಇಳಿಯುವಷ್ಟರಲ್ಲಿ ಹೆಂಗಸರು ಬರತೊಡಗಿದರು. ನಮ್ಮೂರಲ್ಲಿ ಇಷ್ಟು ಹೆಂಗಸರಿದ್ದಾರೆಂದು ನನಗೇ ತಿಳಿದಿರಲಿಲ್ಲ. ಒಬ್ಬೊಬ್ಬರ ಕೈಯಲ್ಲೂ ಸೆರಗು ಮುಚ್ಚಿದ ಏನೋ ಒಂದು. ಹೆಡ್‌ಮಾಸ್ಟರು ಮಕ್ಕಳ ತಿಂಡಿ ಇರಬೇಕೆಂದುಕೊಂಡು ನಗುನಗುತ್ತಾ ಕೈಮುಗಿದು ಕೂರಿಸುತ್ತಿದ್ದರು. ಕುಂಕುಮ ಹಚ್ಚಿಸಿಕೊಂಡ ಮನೆಗೆ ಬಂದ ನೆಂಟನೂ ಬರಬೇಕು ತಾನೇ. ತಿಪ್ಪಣ್ಣ ಬಂಡಿಯನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಬಂದು ಈರಣ್ಣನ ಪಕ್ಕ ಕೂತ.

ಪ್ರಾರ್ಥನೆ ಆಯಿತು. ಹುಡುಗರು ಒಂದು ನಾಟಕ ಆಡಿದರು. ಕನ್ನಡದ ರಾಜನಿಗೆ ತೆಲುಗಿನ ಮಂತ್ರಿ, ಇಬ್ಬರಿಗೂ ಜಗಳ, ಯಾರಿಗೂ ಅರ್ಥವಾಗದೆ ಉಳಿದ ಮಾತು ಒಂದೂ ಇರಲಿಲ್ಲ. ಆಮೇಲೆ ಹೆಡ್‌ಮಾಸ್ಟರು ವರ್ಷದ ವರದಿ ಹೇಳಿದರು. ಬಾವಿಗೆ ಗಡಗಡೆ ಬಂದದ್ದು, ಆದೋನಿಯ ಆಟಗಳಲ್ಲಿ ನಮ್ಮ ಹುಡುಗ ಓಟದಲ್ಲಿ ಮೊದಲು ಬಂದದ್ದು, ಕೆಲಸಕ್ಕೆ ಗುಳೆ ಹೋದ ಮನೆಗಳ ಮಕ್ಕಳನ್ನು ಸುಗ್ಗಿಯ ನಂತರ ಮತ್ತೆ ಕರೆತಂದದ್ದು. ಕೊನೆಗೆ ಪರೀಕ್ಷೆಗೆ ಹೋಗುವವರ ಹೆಸರು ಹೇಳುತ್ತಾ ಬಂದವರು ಕೊನೆಯ ಹುಡುಗನ ಹೆಸರಾದ ಮೇಲೆ ನಿಂತರು. ಕನ್ನಡಕ ತೆಗೆದು ಒರೆಸಿದರು. ಹಂಪಮ್ಮನ ಹೆಸರು ಹೇಳದೆ, ಬಹುಮಾನಗಳು ಎಂದರು.

ಆರನೇ ಫಾರಂಗೆ ಮೊದಲನೆಯವಳು ಹಂಪಮ್ಮ. ಅವಳು ವೇದಿಕೆ ಹತ್ತಿದಳು. ಇನ್ಸ್‌ಪೆಕ್ಟರು ಒಂದು ಪೆನ್ನು ಕೊಟ್ಟು, ಪರೀಕ್ಷೆಗೆ ತಯಾರಿ ಹೇಗಿದೆಯಮ್ಮಾ ಎಂದು ತೆಲುಗಿನಲ್ಲಿ ಕೇಳಿದರು. ಅವಳು ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಾ ನಿಂತಳು. ಆಗ ಹೆಂಗಸರ ನಡುವಿನಿಂದ ನಮ್ಮಜ್ಜಿ ಎದ್ದ ಸದ್ದು ಕೇಳಿಸಿತು, ಅವಳ ಮೊಣಕಾಲು ಲಟಕ್ಕೆನ್ನುತ್ತಿತ್ತು.

ಅಜ್ಜಿ ಹೊಸ ಕಂದೀಲೊಂದನ್ನು ಹಿಡಿದು ವೇದಿಕೆಯವರೆಗೆ ನಡೆದಳು. “ಹುಡುಗಿನ್ನ ಯಾಕ ನಿಂದ್ರಿಸೀರಿ ಸಾರ್, ಕುಂದ್ರಸ್ರಿ,” ಅಂದಳು. “ಕುಂಕುಮ ಹಚ್ಚಿ ಕರೆದೀರಿ. ನಾವು ಮುಯ್ಯಿ ತಂದೀವಿ.”

ಅವಳ ಹಿಂದೆ ಹೆಂಗಸರೆಲ್ಲ ಎದ್ದರು, ಸೆರಗುಗಳು ಸರಿದವು. ಕುಬುಸದ ಬಟ್ಟೆ, ಕೊಬ್ಬರಿ, ಬೆಲ್ಲದಚ್ಚು, ಶೇಂಗಾ, ಹಿತ್ತಾಳೆಯ ಚೆಂಬು. ಒಬ್ಬಾಕೆಯ ಕಂಕುಳಲ್ಲಿ ಕೋಳಿ. ಇನ್ಸ್‌ಪೆಕ್ಟರು ಗಡಿಯಾರ ನೋಡಿದರು. ಹೆಡ್‌ಮಾಸ್ಟರಿಗೆ ಏನಾಗುತ್ತಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬೇರೆ ಯಾವ ಹೆಡ್‌ಮಾಸ್ಟರಾಗಿದ್ದರೂ ಮೇಲಧಿಕಾರಿಯ ಎದುರು ಇದೆಲ್ಲ ನಡೆಯದು ಎಂದು ಕೂರಿಸಿಬಿಡುತ್ತಿದ್ದರು. ಇವರು ಅಜ್ಜಿಯ ಮುಖ ನೋಡಿದರು, ಹಂಪಮ್ಮನನ್ನು ನೋಡಿದರು, ಆಮೇಲೆ ತಮ್ಮ ಕುರ್ಚಿಯನ್ನೇ ಎತ್ತಿ ತಂದು ವೇದಿಕೆಯ ನಡುವೆ ಇಟ್ಟು ಅವಳನ್ನು ಕೂರಿಸಿದರು. ಆ ಕುರ್ಚಿಗಾಗಿ ನಾನು ಅವರನ್ನು ಇಂದಿಗೂ ನೆನೆಯುತ್ತೇನೆ.

ಊರಿನ ಮದುವೆಗಳಲ್ಲಿ ಮುಯ್ಯಿ ಕೂಗುತ್ತಿದ್ದ ಗುರುಸಿದ್ದಯ್ಯನವರು ತಾವಾಗಿಯೇ ಎದ್ದು ಬಂದು ಜಾಗ ಹಿಡಿದರು. ಹುಡುಗಿಯ ಕಡೆಯ ಹಿರಿಯ ಪಕ್ಕದಲ್ಲಿ ನಿಂತು ಒಪ್ಪಿಕೊಳ್ಳಬೇಕು, ಅದು ಪದ್ಧತಿ. ಈರಣ್ಣ ಎದ್ದು ಬಂದ, ಆದರೆ ಹಲಗೆ ಹತ್ತಲಿಲ್ಲ.

“ಯವ್ವಾ, ಇದು ಯಾವ ಕಾರ್ಯದ ಮುಯ್ಯಿ?” ಎಂದು ಅಜ್ಜಿಯನ್ನು ಕೇಳಿದ.

“ನಿನ್ನ ಮಗಳು ಪರೀಕ್ಷೆಗೆ ಹೊಂಟಾಳಲ್ಲಪ್ಪಾ, ಅದರದ್ದು. ಬ್ಯಾಡಂದ್ರ ಈಗೇ ಬ್ಯಾಡನ್ನು. ಮನಿಗೆ ತಗೊಂಡು ಹೋಗ್ತೀವಿ, ಯಾರೂ ತಪ್ಪು ತಿಳಿಯಂಗಿಲ್ಲ.”

ಈರಣ್ಣ ಆ ಹೆಂಗಸರ ಸಾಲನ್ನು ನೋಡಿದ. ಅವನು ಜೀವಮಾನವಿಡೀ ಯಾವುದಕ್ಕೆ ಮರ್ಯಾದೆ ಕೊಟ್ಟು ಬದುಕಿದ್ದನೋ ಅದೇ ಅವನ ಮುಂದೆ ತಟ್ಟೆ ಹಿಡಿದು ನಿಂತಿತ್ತು. ಹೂಂ ಎಂದರೆ ಪರೀಕ್ಷೆ ತಪ್ಪಿಸುವಂತಿಲ್ಲ. ಉಹೂಂ ಎಂದರೆ ಬಂದ ಮುಯ್ಯಿಯನ್ನು ಬಾಗಿಲಿನಿಂದ ತಿರುಗಿಸಿದಂತೆ. ನಾನೊಬ್ಬ ಹೇಳುವ ಮಾತಲ್ಲ ಇದು ಎಂದು ಮೆಲ್ಲಗೆ ಹೇಳಿ, ತಿಪ್ಪಣ್ಣನ ಕಡೆ ತಿರುಗಿದ.

ಗುರುಸಿದ್ದಯ್ಯನವರು ಗಂಟಲು ಸರಿಮಾಡಿಕೊಂಡರು. ಅವರಿಗೆ ಪದ್ಧತಿ ಒಂದೇ ಗೊತ್ತು. “ಮೊದಲಿಗೆ ಸೋದರಮಾವನ ಮುಯ್ಯಿ,” ಎಂದು ಕೂಗಿದರು. “ನಾಗಲದಿನ್ನಿ ತಿಪ್ಪಣ್ಣನವರು ಬರ್ಬೇಕು.”

ಸೋದರಮಾವನದು ಆಗದೆ ಉಳಿದವರದು ಆಗುವಂತಿಲ್ಲ. ಕೋಳಿ ಕಂಕುಳಲ್ಲೇ ರೆಕ್ಕೆ ಬಡಿಯಿತು. ತಿಪ್ಪಣ್ಣ ತಲೆ ಎತ್ತದೆ ಕೂತಿದ್ದ. ಗುರುಸಿದ್ದಯ್ಯನವರು ಇನ್ನೊಮ್ಮೆ ಕೂಗಿದರು. ಆಗ ಅವನು ಎದ್ದ, ರುಮಾಲು ಸರಿಪಡಿಸಿಕೊಂಡ, ವೇದಿಕೆಯ ಕಡೆಗಲ್ಲ, ಹೊರಗೆ ಬೇವಿನ ಗಿಡದ ಕಡೆಗೆ ನಡೆದ. ಬಂಡಿ ಹೂಡುತ್ತಾನೆ ಎಂದುಕೊಂಡೆವು. ಹಂಪಮ್ಮನ ಅವ್ವ ಬಾಯಿಗೆ ಸೆರಗು ಹಿಡಿದಳು. ಕುರ್ಚಿಯ ಮೇಲಿದ್ದ ಹಂಪಮ್ಮ ಮಾತ್ರ ಅಲುಗಲಿಲ್ಲ, ಮೇಷ್ಟ್ರು ಪ್ರಶ್ನೆ ಕೇಳುವ ಮೊದಲು ಕೂರುವ ಹಾಗೆ ನೆಟ್ಟಗೆ ಕೂತಿದ್ದಳು.

ತಿಪ್ಪಣ್ಣ ಗಂಟು ಹಿಡಿದು ಮರಳಿ ಬಂದ. ಹಲಗೆ ಹತ್ತಿ, ಎಲ್ಲರೆದುರು ಬಿಚ್ಚಿ, ಹಸಿರು ಸೀರೆಯನ್ನು ಹಂಪಮ್ಮನ ಉಡಿಯಲ್ಲಿ ಇಟ್ಟ. ನಾನು ಹಂಪಮ್ಮನ ಕುರ್ಚಿಯ ಹಿಂದೆ ನಿಂತಿದ್ದೆ, ಹೊಸ ಸೀರೆಯ ಗಂಜಿಯ ವಾಸನೆ ನನ್ನವರೆಗೂ ಬಂತು.

“ಬಾವಾ, ಇದನ್ನ ಬ್ಯಾರೆ ಕಾರ್ಯಕ್ಕ ತಂದಿದ್ದೆ,” ಎಂದ ಈರಣ್ಣನಿಗೆ. “ಊರಿಗೆ ಊರೇ ನಮ್ಮಕ್ಕನ ಮಗಳಿಗೆ ಮುಯ್ಯಿ ತಂದೈತಿ, ನಾನು ಬರಿಗೈಲಿ ಹೆಂಗ ಕುಂದ್ರಲಿ? ಮೊದ್ಲು ಇದು ಮುಗೀಲಿ. ಆ ಕಾರ್ಯ ಎಲ್ಲಿಗೂ ಓಡಿಹೋಗಂಗಿಲ್ಲ.”

ಈರಣ್ಣ ಆಗ ಹಲಗೆ ಹತ್ತಿದ. ಮಗಳ ಪಕ್ಕ ನಿಂತು, ಎರಡೂ ಕೈ ಜೋಡಿಸಿ, ಒಪ್ಪಿಕೊಂಡೀನಿ ಎಂದ. ದನಿ ಕೊನೆಯ ಸಾಲಿನವರೆಗೂ ಕೇಳಿಸಿತು.

ಆಮೇಲೆ ಗುರುಸಿದ್ದಯ್ಯನವರನ್ನು ಹಿಡಿಯುವವರೇ ಇಲ್ಲ. ಪೆಟ್ರೋಮ್ಯಾಕ್ಸ್ ಹಚ್ಚುವ ಹೊತ್ತಿನವರೆಗೆ ಕೂಗಿದರು. ಬಸಮ್ಮವ್ವನ ಮನೆಯಿಂದ ಓದಾಕ ಕಂದೀಲು, ಕುಂಬಾರ ಮಲ್ಲಮ್ಮನ ಮನೆಯಿಂದ ನೀರಿಗೆ ಹೊಸ ಮಗೆ, ಇಂಥವರಿಂದ ಕುಬುಸ, ಇಂಥವರಿಂದ ಬೆಲ್ಲ. ಇನ್ಸ್‌ಪೆಕ್ಟರು ವಿಷಯವೇನೆಂದು ಕೇಳಿ ತಿಳಿದುಕೊಂಡು, ತಮಗೆ ಕೊಟ್ಟಿದ್ದ ಕಿತ್ತಳೆ ಹಣ್ಣುಗಳನ್ನು ತಾವೇ ಎದ್ದು ಬಂದು ಕೊಟ್ಟರು, ಗುರುಸಿದ್ದಯ್ಯನವರು ಅದನ್ನೂ ಬಿಡದೆ ಕೂಗಿದರು. ಡ್ರಿಲ್ ಮೇಷ್ಟ್ರು ಕೊನೆಯ ಪ್ರಾರ್ಥನೆಯವರೆಗೂ ಕೋಳಿಯನ್ನು ಹಿಡಿದುಕೊಂಡೇ ಅಟೆನ್ಷನ್‌ನಲ್ಲಿ ನಿಂತಿದ್ದರು. ಹೆಡ್‌ಮಾಸ್ಟರು ಮುಗಿಸುವ ಮೊದಲು, ಪರೀಕ್ಷೆಗೆ ಹೋಗುವವರಲ್ಲಿ ಒಂದು ಹೆಸರು ಉಳಿದಿತ್ತು ಎಂದು ಹೇಳಿ, ಆ ಹೆಸರನ್ನು ಹೇಳಿದರು.

ಸಾಮಾನನ್ನೆಲ್ಲ ಅವಳ ಮನೆಗೆ ಹೊರುವಾಗ ನಾನೂ ಜತೆಗಿದ್ದೆ. ನನಗೆ ಕುಣಿಯುವಷ್ಟು ಸಂತೋಷ, ಅವಳ ಮುಖ ಮಾತ್ರ ಬಿಗಿದಿತ್ತು. ಏನಾಯಿತು ಎಂದೆ.

“ಇಷ್ಟು ಮಂದಿ ಕೊಟ್ಟಾರಲ್ಲೇ,” ಅಂದಳು. “ಫೇಲಾದ್ರ ಏನ್ ಮಾಡ್ಲಿ? ನಾಳಿಂದ ಜಾಮೆಟ್ರಿ ಮತ್ತ ಮೊದಲಿಂದ ಮಾಡ್ತೀನಿ.”

ಮಾಡಿದಳು, ಅಜ್ಜಿಯ ಕಂದೀಲಿನ ಬೆಳಕಿನಲ್ಲಿ. ಆದೋನಿಗೆ ಅವಳನ್ನು ಕರೆದುಕೊಂಡು ಹೋದದ್ದು ತಿಪ್ಪಣ್ಣನ ಬಣ್ಣದ ಕೊಂಬಿನ ಎತ್ತುಗಳೇ. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಫಲಿತಾಂಶದ ಪೇಪರು ಬರುತ್ತದೆಂದು ಸುದ್ದಿಯಾದಾಗ, ಈರಣ್ಣ ಬಿತ್ತನೆ ಬಿಟ್ಟು ಕೋಸಗಿ ಸ್ಟೇಷನ್ನಿನಲ್ಲಿ ಕೂತ. ಓದಲು ಬಾರದವನು, ರೈಲಿನ ಗಾರ್ಡನ ಕೈಯಿಂದ ಓದಿಸಿಕೊಂಡು, ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಊರಿಗೆ ಬಂದ. ಮೊದಲು ಹೋದದ್ದು ಮನೆಗಲ್ಲ, ಹೆಡ್‌ಮಾಸ್ಟರ ಮನೆಗೆ. ಮಗಳು ಪಾಸಾದಳು ಎಂದು ಹೇಳಿ, ಅವರ ಹೊಸಿಲ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತನಂತೆ. ಹಂಪಮ್ಮ ಟ್ರೈನಿಂಗ್ ಮುಗಿಸಿ ಮೇಷ್ಟ್ರಾದಳು. ಆಮೇಲೆಯೇ ಅಕ್ಕಿಕಾಳು ಬಿದ್ದದ್ದು, ನಾಗಲದಿನ್ನೆಯ ಅದೇ ಹುಡುಗನ ಜತೆ. ಅವನು ಅಷ್ಟು ವರ್ಷ ತಕರಾರಿಲ್ಲದೆ ಕಾದಿದ್ದ ಎಂಬುದನ್ನು ಯಾರೂ ಹೊಗಳುವುದಿಲ್ಲ, ನಾನು ಹೊಗಳುತ್ತೇನೆ.

ಆದರೆ ಈರಣ್ಣನಿಗೆ ಅಲ್ಲಿಂದ ಒಂದು ಹೊಸ ಕಷ್ಟ ಶುರುವಾಯಿತು. ಮುಯ್ಯಿ ಬಂದದ್ದು ಪರೀಕ್ಷೆಗೆ. ತಿರುಗಿಸಬೇಕಾದದ್ದೂ ಪರೀಕ್ಷೆಗೇ. ಮದುವೆಗೆ, ತೊಟ್ಟಿಲಿಗೆ ಕೊಟ್ಟರೆ ಅದು ತೀರುವುದಿಲ್ಲ. ಕೊಟ್ಟವರ ಮನೆಯ ಹುಡುಗಿಯರು ಆರನೇ ಫಾರಂವರೆಗೆ ಬರದೆ ಅವನು ಹೇಗೆ ತೀರಿಸಬೇಕು? ಮರುವರ್ಷ ಸ್ಕೂಲ್ ಡೇಯಲ್ಲಿ ಅದೇ ಕುರ್ಚಿಯ ಮೇಲೆ ನಾನು ಕೂತಾಗ ನಮ್ಮ ಮನೆಯದು ತೀರಿತು. ನಮ್ಮಜ್ಜಿ ಕೊಟ್ಟದ್ದಕ್ಕಿಂತ ದೊಡ್ಡ ಗಾಜಿನ ಕಂದೀಲನ್ನು ಈರಣ್ಣ ಎದೆಗೆ ಅವಚಿಕೊಂಡು ಬಂದಿದ್ದ. ಉಳಿದವರದು ಉಳಿಯಿತು.

ಅವನು ಮನೆಮನೆಗೆ ತಿರುಗತೊಡಗಿದ. ಕುಂಬಾರರ ಮನೆಗೆ ಹೋಗಿ, ನಿನ್ನ ಮಗಳನ್ನು ಸ್ಕೂಲು ಯಾಕೆ ಬಿಡಿಸಿದೆ ಎಂದು ಜಗಳ ತೆಗೆದ. ಗುಳೆ ಹೊರಟ ಮನೆಯವರನ್ನು ಕೋಸಗಿ ಪ್ಲಾಟ್‌ಫಾರಂನಲ್ಲಿ ಅಡ್ಡಗಟ್ಟಿ, ಹುಡುಗಿಯನ್ನು ಇಲ್ಲೇ ಬಿಡಿ, ನಮ್ಮ ಮನೆಯಲ್ಲಿ ಉಣ್ಣಲಿ ಎಂದು ಕೈ ಹಿಡಿದು ಕರೆತಂದ. ಯಾರಾದರೂ, ನಿನಗ್ಯಾಕೆ ಈ ಉಸಾಬರಿ ಎಂದರೆ ಅವನದು ಒಂದೇ ಮಾತು.

“ನಾ ಸಾಯೋದ್ರಾಗ ಮುಯ್ಯಿ ತೀರಸ್ಬೇಕಪ್ಪಾ. ನಿನ್ನ ಮಗಳು ಓದದಿದ್ರ ನಾನು ಹೆಂಗ ಸಾಯ್ಲಿ?”

ಜನ ನಕ್ಕರು, ಬೈದರು, ಕೊನೆಗೆ ಕಳಿಸಿದರು. ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಈರಣ್ಣ ಹೊಸ ಬಟ್ಟೆಯ ಗಂಟು ಹಿಡಿದು ಸ್ಕೂಲಿಗೆ ಹೋಗುವುದನ್ನು ಊರು ಕಂಡಿತು. ಕುರ್ಚಿಗಳು ಹೆಚ್ಚಿದವು, ಒಂದು ಬೆಂಚನ್ನೇ ಹಾಕಬೇಕಾಯಿತು.

ಕೊನೆಗೆ ಉಳಿದದ್ದು ಒಂದೇ, ತಿಪ್ಪಣ್ಣನ ಹಸಿರು ಸೀರೆ. ತಿಪ್ಪಣ್ಣನಿಗೆ ಹೆಣ್ಣುಮಕ್ಕಳಿರಲಿಲ್ಲ. ಈರಣ್ಣ ಕಾದ. ಕಣ್ಣು ಮಂಜಾದವು, ಬೆನ್ನು ಬಾಗಿತು, ಆದರೂ ಕಾದ. ಹಂಪಮ್ಮನ ಮಗಳು, ಅಂದರೆ ತಿಪ್ಪಣ್ಣನ ಮೊಮ್ಮಗಳು, ಪರೀಕ್ಷೆಗೆ ಹೊರಡುವ ವರ್ಷ ಅವನನ್ನು ನಾಗಲದಿನ್ನೆಗೆ ಕರೆದುಕೊಂಡು ಹೋದವಳು ನಾನೇ. ಬಂಡಿಯಲ್ಲಿ ದಾರಿಯುದ್ದಕ್ಕೂ ಅವನು ತಿರುಗಿಸಲು ಕೊಂಡ ಹೊಸ ಸೀರೆಯ ಮೇಲಿನ ಕೈ ತೆಗೆಯಲಿಲ್ಲ. ಆ ಮನೆಯ ಹುಡುಗಿ ಈರಣ್ಣನಿಗೂ ಸ್ವಂತ ಮೊಮ್ಮಗಳೇ. ಆದರೂ ಅವನು ಹೊರಗಿನವನ ಹಾಗೆ ಹೊಸಿಲಲ್ಲಿ ನಿಂತು, ತಿಪ್ಪಣ್ಣನನ್ನು ಹೆಸರು ಹಿಡಿದು ಕರೆದು, ಇಂಥ ಊರಿನ ಈರಣ್ಣನ ಮುಯ್ಯಿ ಎಂದು ತಾನೇ ಕೂಗಿ ಹೇಳಿದ. ತಿಪ್ಪಣ್ಣ ಮೊಮ್ಮಗಳ ಪಕ್ಕ ನಿಂತು, ಎರಡೂ ಕೈ ಜೋಡಿಸಿ, ಒಪ್ಪಿಕೊಂಡೆ ಎಂದ. ಹಂಪಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಅವಳ ಮುಂದಲೆ ಅಷ್ಟು ಹೊತ್ತಿಗೆ ಹತ್ತಿಯಿಲ್ಲದೆಯೂ ಬೆಳ್ಳಗಾಗಿತ್ತು. ಈರಣ್ಣ ಒಳಗೆ ಬಂದು ಗೋಡೆಗೆ ಒರಗಿ ಕೂತು, ಕಾಲು ಚಾಚಿ, ರೊಟ್ಟಿ ಬಡಿ ಮಗಳೇ, ಹಸಿವಾಗೈತಿ ಎಂದ.